ಗ್ರಾಫೀನ್, ಲಸಿಕೆ ಮತ್ತು ತೋಳಿಗೆ ಅಂಟಿದ ನಾಣ್ಯ: ಇಂಗಾಲ ನಿಜಕ್ಕೂ ಅಯಸ್ಕಾಂತವಾಗುತ್ತದೆಯೇ?

2021ರ ಮೇ–ಜೂನ್ ತಿಂಗಳಲ್ಲಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಆ ವಿಡಿಯೊ ಬಂದಿರಬಹುದು. ಕೋವಿಡ್ ಲಸಿಕೆ ಹಾಕಿಸಿಕೊಂಡ ಒಬ್ಬರು ತೋಳಿನ ಮೇಲೆ ನಾಣ್ಯ ಇಡುತ್ತಾರೆ, ಅದು ಅಂಟಿಕೊಂಡು ನಿಲ್ಲುತ್ತದೆ. ಇನ್ನೊಬ್ಬರು ಎದೆಯ ಮೇಲೆ ಚಮಚ, ತಟ್ಟೆಗಳನ್ನು ಅಂಟಿಸಿಕೊಂಡು ತೋರಿಸುತ್ತಾರೆ. ಕೆಳಗೆ ಒಂದು ಸಾಲು: ‘ಲಸಿಕೆಯಲ್ಲಿ ಗ್ರಾಫೀನ್ ಆಕ್ಸೈಡ್ ಇದೆ, ಅದು ಮೈಯನ್ನು ಅಯಸ್ಕಾಂತ ಮಾಡುತ್ತದೆ.’

ಆ ವಿಡಿಯೊ ನೋಡಿ ಎರಡನೇ ಡೋಸ್ ಮುಂದೂಡಿದವರಿದ್ದಾರೆ. ವಯಸ್ಸಾದ ತಂದೆತಾಯಿಗೆ ಲಸಿಕೆ ಕೊಡಿಸಬೇಕೋ ಬೇಡವೋ ಎಂದು ಮನೆಯಲ್ಲಿ ವಾದ ನಡೆದದ್ದೂ ಇದೆ. ಅದೇ ಮಾತು ಈಗಲೂ ಬೇರೆ ಬೇರೆ ರೂಪದಲ್ಲಿ ತಿರುಗಿ ಬರುತ್ತದೆ: ಮಗುವಿನ ಲಸಿಕೆಯ ಸಮಯದಲ್ಲಿ, ಎಂಆರ್‌ಐ ಮಾಡಿಸಬೇಕಾದಾಗ, ‘ಗ್ರಾಫೀನ್ ಮಾಸ್ಕ್’ ಅಥವಾ ‘ಮ್ಯಾಗ್ನೆಟಿಕ್ ಬಳೆ’ಯ ಜಾಹೀರಾತು ಕಣ್ಣಿಗೆ ಬಿದ್ದಾಗ.

ಇದನ್ನು ಬರೀ ‘ಸುಳ್ಳು ಸುದ್ದಿ’ ಎಂದು ತಳ್ಳಿಹಾಕಿದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಯಾಕೆಂದರೆ ಇಂಗಾಲದ ಅತಿಸೂಕ್ಷ್ಮ ವಸ್ತುಗಳಿಗೆ ರಾಸಾಯನಿಕ ಸಂಸ್ಕರಣೆ ಕೊಟ್ಟರೆ ಅವುಗಳಲ್ಲಿ ಕಾಂತೀಯ ಗುಣ ಕಾಣಿಸಿಕೊಳ್ಳುತ್ತದೆ ಎಂಬುದು ನಿಜವಾದ ವಿಜ್ಞಾನ. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಅದರ ಅಧ್ಯಯನ ನಡೆದಿದೆ. ಆ ವಿಜ್ಞಾನ ಏನು ಹೇಳುತ್ತದೆ, ಅದರಲ್ಲಿ ಎಷ್ಟು ಭಾಗ ನಮ್ಮ ಆರೋಗ್ಯಕ್ಕೆ ಸಂಬಂಧಿಸಿದ್ದು ಎಂಬುದನ್ನು ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

- ಶುದ್ಧ ಇಂಗಾಲ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದು ಅಯಸ್ಕಾಂತದಿಂದ ತುಸು ದೂರ ಸರಿಯುತ್ತದೆ.
- ಫ್ಲೋರಿನ್, ಹೈಡ್ರೋಜನ್ ಮೊದಲಾದವನ್ನು ಸೇರಿಸಿದಾಗ ಗ್ರಾಫೀನ್‌ನಲ್ಲಿ ಕಾಂತೀಯತೆ ಬರುತ್ತದೆ. ಆದರೆ ಅದು ಬಹಳ ದುರ್ಬಲ. ಅಳೆಯಲು ವಿಶೇಷ ಉಪಕರಣ ಬೇಕು.
- ‘ಇಂಗಾಲ ಗಟ್ಟಿ ಅಯಸ್ಕಾಂತವಾಯಿತು’ ಎಂಬ ಹಲವು ವರದಿಗಳ ಹಿಂದೆ ಇದ್ದದ್ದು ಕಬ್ಬಿಣದಂಥ ಲೋಹದ ಕಲ್ಮಶ.
- ಭಾರತದಲ್ಲಿ ಹೆಚ್ಚು ಬಳಸಿದ ಕೋವಿಡ್ ಲಸಿಕೆಗಳ ಘಟಕಗಳ ಪಟ್ಟಿಯಲ್ಲಿ ಗ್ರಾಫೀನ್ ಇಲ್ಲ. ಇದ್ದಿದ್ದರೂ ನಾಣ್ಯ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಕಾಂತೀಯತೆಯಲ್ಲಿ ಬಗೆಗಳಿವೆ

ಅಡುಗೆಮನೆಯಿಂದಲೇ ಶುರು ಮಾಡೋಣ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮ್ಯಾಗ್ನೆಟ್ ತೆಗೆದು ಕಬ್ಬಿಣದ ದೋಸೆ ಕಾವಲಿಗೆ ಹಿಡಿಯಿರಿ. ತಟ್ಟನೆ ಅಂಟುತ್ತದೆ. ಅಲ್ಯುಮಿನಿಯಂ ಪಾತ್ರೆಗೆ ಹಿಡಿಯಿರಿ, ಏನೂ ಆಗುವುದಿಲ್ಲ. ಸ್ಟೀಲ್ ತಟ್ಟೆಗೆ ಹಿಡಿದರೆ ಕೆಲವು ಅಂಟುತ್ತವೆ, ಹಲವು ಅಂಟುವುದಿಲ್ಲ. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ತಳಕ್ಕೆ ಮ್ಯಾಗ್ನೆಟ್ ಹಿಡಿದು ನೋಡುವುದು ಇದೇ ಕಾರಣಕ್ಕೆ.

ಈ ವ್ಯತ್ಯಾಸ ಬರುವುದು ಎಲೆಕ್ಟ್ರಾನುಗಳಿಂದ. ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಈ ಗುಣಕ್ಕೆ ಸ್ಪಿನ್ ಎಂದು ಹೆಸರು. ಬಹುತೇಕ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದರ ಸ್ಪಿನ್ ಮೇಲಕ್ಕಾದರೆ ಇನ್ನೊಂದರದು ಕೆಳಕ್ಕೆ, ಹಾಗಾಗಿ ಒಂದು ಇನ್ನೊಂದನ್ನು ರದ್ದು ಮಾಡುತ್ತದೆ.

ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿರುವ ವಸ್ತು ಅಯಸ್ಕಾಂತದಿಂದ ಬಹಳ ಸ್ವಲ್ಪ ದೂರ ಸರಿಯುತ್ತದೆ. ಇದು ಡಯಾಕಾಂತೀಯ. ನೀರು, ಸಕ್ಕರೆ, ಉಪ್ಪು, ಪ್ಲಾಸ್ಟಿಕ್, ನಮ್ಮ ದೇಹದ ಬಹುಪಾಲು ಈ ಗುಂಪಿಗೆ ಸೇರುತ್ತವೆ.

ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನುಗಳಿದ್ದು, ಅವು ತಮ್ಮತಮ್ಮಲ್ಲಿ ಹೊಂದಿಕೊಳ್ಳದೆ ದಿಕ್ಕಾಪಾಲಾಗಿದ್ದರೆ ಆ ವಸ್ತು ಪ್ಯಾರಾಕಾಂತೀಯ. ಹತ್ತಿರ ಅಯಸ್ಕಾಂತ ಇದ್ದಾಗ ಸ್ವಲ್ಪ ಸೆಳೆಯಲ್ಪಡುತ್ತದೆ, ಅಯಸ್ಕಾಂತ ತೆಗೆದರೆ ಆ ಗುಣ ಮಾಯ. ನಾವು ಉಸಿರಾಡುವ ಆಮ್ಲಜನಕ ಹೀಗೆ.

ಒಂಟಿ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಂತರೆ ಅದು ಫೆರೋಕಾಂತೀಯ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಇದಕ್ಕೆ ಉದಾಹರಣೆ. ನಾವು ದಿನಬಳಕೆಯಲ್ಲಿ ‘ಮ್ಯಾಗ್ನೆಟ್‌ಗೆ ಅಂಟುತ್ತದೆ’ ಎನ್ನುವುದು ಇವುಗಳ ಬಗ್ಗೆ ಮಾತ್ರ. ಉಳಿದ ಎರಡು ಗುಣಗಳು ಇದರ ಮುಂದೆ ಸಾವಿರಾರು, ಲಕ್ಷಾಂತರ ಪಟ್ಟು ದುರ್ಬಲ.

‘ಗ್ರಾಫೀನ್ ಮ್ಯಾಗ್ನೆಟಿಕ್ ಅಂತ ವಿಜ್ಞಾನಿಗಳೇ ಹೇಳಿದ್ದಾರೆ’ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾವ ಬಗೆಯ ಮ್ಯಾಗ್ನೆಟಿಕ್?

ಇಂಗಾಲದ ಸಹಜ ಸ್ವಭಾವ: ದೂರ ಸರಿಯುವುದು

ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದು ಗ್ರಾಫೈಟ್. ಅದು ಇಂಗಾಲದ ಒಂದು ರೂಪ. ಡಯಾಕಾಂತೀಯ ಗುಣ ಎದ್ದು ಕಾಣುವ ಸಾಮಾನ್ಯ ವಸ್ತುಗಳಲ್ಲಿ ಗ್ರಾಫೈಟ್ ಮುಖ್ಯವಾದದ್ದು. ಪೈರೋಲಿಟಿಕ್ ಗ್ರಾಫೈಟ್ ಎಂಬ ಶುದ್ಧ ರೂಪದ ತೆಳು ಬಿಲ್ಲೆಯನ್ನು ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳ ಮೇಲೆ ಇಟ್ಟರೆ ಅದು ಅಂಟುವುದಿಲ್ಲ. ಕೂದಲೆಳೆಯಷ್ಟು ಎತ್ತರದಲ್ಲಿ ಗಾಳಿಯಲ್ಲಿ ತೇಲುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಶೀತಲ ವ್ಯವಸ್ಥೆಯೂ ಬೇಡ.

ನಮ್ಮ ದೇಹವೂ ಇದೇ ಸಾಲಿಗೆ ಸೇರುತ್ತದೆ, ಏಕೆಂದರೆ ಅದರಲ್ಲಿ ಹೆಚ್ಚಿನದು ನೀರು. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ 1997ರಲ್ಲಿ ಆಂಡ್ರೆ ಗೈಮ್ ಮತ್ತು ಅವರ ಜೊತೆಗಾರರು ಸುಮಾರು 16 ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ ಜೀವಂತ ಕಪ್ಪೆಯೊಂದನ್ನು ಗಾಳಿಯಲ್ಲಿ ತೇಲಿಸಿ ತೋರಿಸಿದರು. ಆಸ್ಪತ್ರೆಯ ಎಂಆರ್‌ಐ ಯಂತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಇರುತ್ತದೆ, ಅಂದರೆ ಕಪ್ಪೆಯನ್ನು ತೇಲಿಸಿದ್ದು ಅದಕ್ಕಿಂತ ಹಲವು ಪಟ್ಟು ಬಲದ ಕ್ಷೇತ್ರ. ಅಲ್ಲೂ ಕಪ್ಪೆ ಅಯಸ್ಕಾಂತಕ್ಕೆ ಅಂಟಲಿಲ್ಲ, ಅದರಿಂದ ದೂರಕ್ಕೇ ತಳ್ಳಲ್ಪಟ್ಟಿತು.

ಅದೇ ಗೈಮ್ ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೋನ್‌ಸ್ಟಾಂಟಿನ್ ನೊವೊಸೆಲೊವ್ ಜೊತೆಗೂಡಿ 2004ರಲ್ಲಿ ಗ್ರಾಫೀನ್ ಬಗ್ಗೆ ಜಗತ್ತಿಗೆ ತಿಳಿಸಿದರು. 2010ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಗ್ರಾಫೈಟನ್ನು ಹಪ್ಪಳದ ಕಟ್ಟು ಎಂದುಕೊಂಡರೆ ಗ್ರಾಫೀನ್ ಅದರ ಒಂದೇ ಹಪ್ಪಳ. ಅದರ ದಪ್ಪ ಒಂದೇ ಪರಮಾಣುವಿನಷ್ಟು. ಆ ಹಾಳೆಯನ್ನು ಸುರುಳಿ ಸುತ್ತಿದಂತಿದ್ದರೆ ಕಾರ್ಬನ್ ನ್ಯಾನೋಟ್ಯೂಬ್, ಚೆಂಡಿನಂತೆ ಮುಚ್ಚಿಕೊಂಡಿದ್ದರೆ ಫುಲ್ಲರೀನ್.

ರಾಸಾಯನಿಕ ಸಂಸ್ಕರಣೆ ಏನು ಮಾಡುತ್ತದೆ?

ಗ್ರಾಫೀನ್ ಹಾಳೆಯಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಜೋಡಣೆಯಾಗಿವೆ. ಪ್ರತಿ ಪರಮಾಣುವೂ ಮೂರು ನೆರೆಯವರ ಕೈ ಹಿಡಿದಿರುತ್ತದೆ. ಉಳಿದ ಒಂದು ಎಲೆಕ್ಟ್ರಾನ್ ಹಾಳೆಯ ಮೇಲೂ ಕೆಳಗೂ ಹರಡಿಕೊಂಡಿದ್ದು, ನೆರೆಯ ಪರಮಾಣುಗಳ ಎಲೆಕ್ಟ್ರಾನುಗಳ ಜೊತೆ ಹೊಂದಿಕೊಂಡಿರುತ್ತದೆ. ಹಾಗಾಗಿ ಒಂಟಿ ಎಲೆಕ್ಟ್ರಾನ್ ಇಲ್ಲ.

ಈಗ ಒಂದು ಇಂಗಾಲದ ಪರಮಾಣುವಿನ ಮೇಲೆ ಹೈಡ್ರೋಜನ್ ಬಂದು ಕೂತಿತು ಎಂದುಕೊಳ್ಳಿ. ಆ ಪರಮಾಣುವಿನ ನಾಲ್ಕನೇ ಎಲೆಕ್ಟ್ರಾನ್ ಹೈಡ್ರೋಜನ್ ಜೊತೆ ಜೋಡಿಯಾಗಿಬಿಡುತ್ತದೆ. ಅದುವರೆಗೆ ಅದರ ಜೊತೆಗಿದ್ದ ಪಕ್ಕದ ಎಲೆಕ್ಟ್ರಾನ್ ಒಂಟಿಯಾಗುತ್ತದೆ. ಊಟದ ಪಂಕ್ತಿಯಲ್ಲಿ ಇಬ್ಬಿಬ್ಬರಿಗೆ ಒಂದೊಂದು ಎಲೆ ಹಾಕಿದ್ದಾಗ ನಡುವೆ ಒಬ್ಬರು ಎದ್ದು ಬೇರೆಯವರ ಜೊತೆ ಕೂತರೆ ಉಳಿದವರು ಒಬ್ಬರೇ ಆಗುತ್ತಾರಲ್ಲ, ಹಾಗೆ. ಆ ಒಂಟಿ ಎಲೆಕ್ಟ್ರಾನೇ ಕಾಂತೀಯತೆಯ ಮೂಲ.

ಹಾಳೆಯಿಂದ ಒಂದು ಪರಮಾಣುವನ್ನು ಕಿತ್ತು ತೆಗೆದಾಗಲೂ, ಫ್ಲೋರಿನ್ ಸೇರಿಸಿದಾಗಲೂ, ಆಮ್ಲಜನಕದ ಗುಂಪುಗಳನ್ನು ಕೂರಿಸಿದಾಗಲೂ ಇಂಥ ಒಂಟಿ ಎಲೆಕ್ಟ್ರಾನುಗಳು ಹುಟ್ಟಬಹುದು. ಇವೆಲ್ಲ ‘ರಾಸಾಯನಿಕವಾಗಿ ಸಂಸ್ಕರಿಸಿದ ಇಂಗಾಲ’ ಎಂಬ ಮಾತಿನ ಒಳಗೆ ಬರುತ್ತವೆ.

ಇಲ್ಲಿ ಒಂದು ಮುಖ್ಯ ತೊಡಕಿದೆ. ಜೇನುಗೂಡಿನ ಜೋಡಣೆಯಲ್ಲಿ ಪರಮಾಣುಗಳು ಎರಡು ತಂಡಗಳಾಗಿವೆ. ಒಂದು ತಂಡದ ಪರಮಾಣುವಿನ ನೆರೆಯವರೆಲ್ಲ ಇನ್ನೊಂದು ತಂಡದವರು. ಎರಡು ಹೈಡ್ರೋಜನ್‌ಗಳು ಒಂದೇ ತಂಡದ ಪರಮಾಣುಗಳ ಮೇಲೆ ಕೂತರೆ ಕಾಂತೀಯತೆ ಕೂಡಿಕೊಳ್ಳುತ್ತದೆ. ಬೇರೆ ಬೇರೆ ತಂಡದವುಗಳ ಮೇಲೆ ಹತ್ತಿರದಲ್ಲೇ ಕೂತರೆ ಎರಡೂ ಒಂಟಿ ಎಲೆಕ್ಟ್ರಾನುಗಳು ಪರಸ್ಪರ ಜೋಡಿಯಾಗಿ, ಕಾಂತೀಯತೆ ಇಲ್ಲವಾಗುತ್ತದೆ. 2016ರಲ್ಲಿ ಮ್ಯಾಡ್ರಿಡ್‌ನ ವಿಜ್ಞಾನಿಗಳು ಹೈಡ್ರೋಜನ್ ಪರಮಾಣುಗಳನ್ನು ಸೂಕ್ಷ್ಮದರ್ಶಕದ ಮೊನೆಯಿಂದ ಒಂದೊಂದಾಗಿ ಸರಿಸಿ ಇದನ್ನು ನೇರವಾಗಿ ತೋರಿಸಿದರು.

ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ನಮಗೆ ಬೇಕಾದ ತಂಡವನ್ನೇ ಹುಡುಕಿಕೊಂಡು ಕೂರುವುದಿಲ್ಲ. ಹೇಗೆಂದರೆ ಹಾಗೆ ಗುಂಪುಗುಂಪಾಗಿ ಕೂರುತ್ತವೆ. ಹಾಗಾಗಿ ಹೆಚ್ಚಿನ ಒಂಟಿ ಎಲೆಕ್ಟ್ರಾನುಗಳು ಅಲ್ಲಲ್ಲೇ ರದ್ದಾಗಿಹೋಗುತ್ತವೆ.

ಅಳತೆ ಮಾಡಿದಾಗ ಕಂಡದ್ದೆಷ್ಟು?

ಗೈಮ್ ಅವರ ಮ್ಯಾಂಚೆಸ್ಟರ್ ತಂಡ 2010ರಲ್ಲಿ ಶುದ್ಧ ಗ್ರಾಫೀನ್ ಚೂರುಗಳನ್ನು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪು ಮಾಡಿ ಅಳೆಯಿತು. ಫೆರೋಕಾಂತೀಯತೆ ಸಿಗಲಿಲ್ಲ. ಕಡಿಮೆ ತಾಪಮಾನದಲ್ಲಿ ದುರ್ಬಲ ಪ್ಯಾರಾಕಾಂತೀಯತೆ ಮಾತ್ರ ಕಂಡಿತು.

2012ರಲ್ಲಿ ಅದೇ ಮ್ಯಾಂಚೆಸ್ಟರ್ ಗುಂಪು ಗ್ರಾಫೀನ್‌ಗೆ ಫ್ಲೋರಿನ್ ಸೇರಿಸಿ ನೋಡಿತು. ಕಾಂತೀಯತೆ ಖಚಿತವಾಗಿ ಹೆಚ್ಚಿತು. ಆದರೆ ಲೆಕ್ಕ ಹಾಕಿದಾಗ, ಸೇರಿಸಿದ ಫ್ಲೋರಿನ್ ಪರಮಾಣುಗಳಲ್ಲಿ ಸುಮಾರು ಸಾವಿರಕ್ಕೆ ಒಂದರಂತೆ ಮಾತ್ರ ಒಂಟಿ ಸ್ಪಿನ್ ಉಳಿದಿತ್ತು. ಅವೂ ಸಾಲಾಗಿ ನಿಲ್ಲಲಿಲ್ಲ. ದ್ರವ ಹೀಲಿಯಂನ ಚಳಿಯಲ್ಲೂ ಅದು ಪ್ಯಾರಾಕಾಂತೀಯವಾಗಿಯೇ ಉಳಿಯಿತು. ಕಬ್ಬಿಣದಲ್ಲಾದರೆ ಪ್ರತಿಯೊಂದು ಪರಮಾಣುವೂ ಕಾಂತೀಯವಾಗಿದ್ದು, ಅವು ತಂಡತಂಡವಾಗಿ ಒಂದೇ ದಿಕ್ಕಿಗೆ ನಿಂತಿರುತ್ತವೆ. ಹೋಲಿಕೆ ಎಷ್ಟು ದೂರದ್ದು ಎಂಬುದು ಇದರಿಂದ ತಿಳಿಯುತ್ತದೆ.

2017ರಲ್ಲಿ ಜೆಕ್ ಗಣರಾಜ್ಯದ ಒಲೊಮೌಟ್ಸ್ ನಗರದ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಫ್ಲೋರಿನ್ ಸೇರಿಸಿದ ಗ್ರಾಫೀನ್‌ನಲ್ಲಿ ಕೆಲವು ಫ್ಲೋರಿನ್‌ಗಳ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸಿದಾಗ ಕೋಣೆಯ ತಾಪಮಾನದಲ್ಲೂ ಸ್ಪಿನ್‌ಗಳು ಕ್ರಮಬದ್ಧವಾಗಿ ನಿಂತವು ಎಂದು ವರದಿ ಮಾಡಿದರು. ಸುದ್ದಿಯಲ್ಲಿ ಇದು ‘ಲೋಹವಿಲ್ಲದ ಅಯಸ್ಕಾಂತ’ ಎಂದು ಹೆಸರಾಯಿತು. ಆದರೆ ಕೋಣೆಯ ತಾಪಮಾನದಲ್ಲಿ ಆ ಕ್ರಮ ಹೇಗಿತ್ತೆಂದರೆ ಒಂದು ಮೇಲೆ, ಪಕ್ಕದ್ದು ಕೆಳಗೆ. ಕ್ರಮವೇನೋ ಇದೆ, ಒಟ್ಟು ಸೆಳೆತ ಮಾತ್ರ ಬಹುತೇಕ ಶೂನ್ಯ. ಎಲ್ಲವೂ ಒಂದೇ ದಿಕ್ಕಿಗೆ ತಿರುಗುವ ಸ್ಥಿತಿ ಕಂಡದ್ದು ತೀರ ಕಡಿಮೆ ತಾಪಮಾನದಲ್ಲಿ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ಬೇರೆ ಬೇರೆ ವಿಧಾನದಲ್ಲಿ ತಯಾರಿಸಿದ ಗ್ರಾಫೀನ್ ಮಾದರಿಗಳನ್ನು ಅಳೆದು, 2009ರಲ್ಲಿ ಎರಡೂ ಬಗೆಯ ಕ್ರಮದ ಲಕ್ಷಣಗಳು ಒಟ್ಟಿಗೇ ಕಾಣುತ್ತವೆ ಎಂದು ಪ್ರಕಟಿಸಿದರು. ಹಾಳೆಯ ಮೇಲೆ ಬೇರೆ ಅಣುಗಳು ಬಂದು ಕೂತರೆ ಆ ಗುಣ ಬದಲಾಗುತ್ತದೆ ಎಂದೂ ತೋರಿಸಿದರು. ಅಂದರೆ ಗ್ರಾಫೀನ್‌ನ ಕಾಂತೀಯತೆ ಅದನ್ನು ಹೇಗೆ ತಯಾರಿಸಿದ್ದೀರಿ, ಅಂಚುಗಳು ಹೇಗಿವೆ, ಮೇಲೆ ಏನು ಕೂತಿದೆ ಎಂಬುದರ ಮೇಲೆ ನಿಂತಿದೆ. ‘ಗ್ರಾಫೀನ್ ಕಾಂತೀಯವೇ’ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಸಿಗದಿರುವುದು ಇದಕ್ಕೇ.

ಕಳ್ಳ ಸಿಕ್ಕಿದ್ದು ಎಲ್ಲಿ?

2001ರಲ್ಲಿ ಪ್ರತಿಷ್ಠಿತ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಫುಲ್ಲರೀನ್ ಅನ್ನು ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಬೆಸೆದಾಗ ಅದು ಕೋಣೆಯ ತಾಪಮಾನದಲ್ಲೂ ಫೆರೋಕಾಂತೀಯವಾಗುತ್ತದೆ ಎಂಬುದು ಅದರ ಸಾರ. ಜಗತ್ತಿನ ತುಂಬ ಉತ್ಸಾಹ ಹಬ್ಬಿತು. ಆಮೇಲೆ ಆ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲಿ ಕಬ್ಬಿಣ ಸಿಕ್ಕಿತು. ಕಾಂತೀಯತೆ ಮಾಯವಾಗುವ ತಾಪಮಾನವೂ ಕಬ್ಬಿಣ ಮತ್ತು ಇಂಗಾಲದ ಸಂಯುಕ್ತವಾದ ಸಿಮೆಂಟೈಟ್‌ನದಕ್ಕೆ ಹತ್ತಿರವಾಗಿತ್ತು. 2006ರಲ್ಲಿ ಹೆಚ್ಚಿನ ಲೇಖಕರು ಆ ಪ್ರಬಂಧವನ್ನು ಹಿಂದಕ್ಕೆ ಪಡೆದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕಬ್ಬಿಣ ಮಾಡಿದ ಕೆಲಸ ಇಂಗಾಲದ ಹೆಸರಿಗೆ ಬಂದಿತ್ತು. ಅತಿ ಶುದ್ಧ ಎಂದು ಮಾರುವ ಗ್ರಾಫೈಟ್‌ನಲ್ಲೂ ಮೈಕ್ರಾನ್ ಗಾತ್ರದ ಕಾಂತೀಯ ಕಣಗಳು ಅಡಗಿರುವುದು ಆಮೇಲೆ ಬೆಳಕಿಗೆ ಬಂತು. ಕಾರ್ಬನ್ ನ್ಯಾನೋಟ್ಯೂಬ್ ಬೆಳೆಸಲು ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಕಣಗಳನ್ನೇ ವೇಗವರ್ಧಕವಾಗಿ ಬಳಸುತ್ತಾರೆ. ಆಮ್ಲದಲ್ಲಿ ತೊಳೆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ನ್ಯಾನೋಟ್ಯೂಬ್ ಪುಡಿ ಅಯಸ್ಕಾಂತಕ್ಕೆ ಓಡಿ ಬಂದರೆ ಮೊದಲ ಅನುಮಾನ ಹೋಗಬೇಕಾದದ್ದು ಈ ಲೋಹದ ಮೇಲೆ.

ಗ್ರಾಫೀನ್ ಆಕ್ಸೈಡ್ ಕಥೆಯೂ ಅಷ್ಟೇ. 1958ರಿಂದ ಬಳಕೆಯಲ್ಲಿರುವ ಹಮ್ಮರ್ಸ್ ವಿಧಾನದಲ್ಲಿ ಗ್ರಾಫೈಟನ್ನು ಗಂಧಕಾಮ್ಲ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಜೊತೆ ಬೆರೆಸಿ ಉತ್ಕರ್ಷಿಸುತ್ತಾರೆ. ಪರ್ಮ್ಯಾಂಗನೇಟ್‌ನಲ್ಲಿ ಮ್ಯಾಂಗನೀಸ್ ಇದೆ. ಅದರ ಒಂದಿಷ್ಟು ಅಂಶ ಪದರಗಳ ನಡುವೆ ಸಿಕ್ಕಿಕೊಂಡು ಉಳಿಯುತ್ತದೆ. ಮ್ಯಾಂಗನೀಸ್ ಅಯಾನಿನಲ್ಲಿ ಒಂಟಿ ಎಲೆಕ್ಟ್ರಾನುಗಳು ಹೆಚ್ಚು, ಹಾಗಾಗಿ ಅದು ಪ್ಯಾರಾಕಾಂತೀಯ. ಇದು ಬರೀ ತೊಂದರೆ ಅಲ್ಲ, ಒಂದು ಉಪಯೋಗವೂ ಆಗಬಹುದು ಎಂಬುದನ್ನು ಮುಂದೆ ನೋಡುತ್ತೇವೆ.

ಹಾಗಾದರೆ ತೋಳಿಗೆ ಅಂಟಿದ ನಾಣ್ಯ?

ಮೊದಲು ಲಸಿಕೆಯಲ್ಲಿ ಏನಿತ್ತು ಎಂದು ನೋಡೋಣ. ಕೋವಿಶೀಲ್ಡ್‌ನಲ್ಲಿ ದೇಹದೊಳಗೆ ಸಂಖ್ಯೆ ಹೆಚ್ಚಿಸಿಕೊಳ್ಳಲಾಗದಂತೆ ಮಾರ್ಪಡಿಸಿದ ವಾಹಕ ವೈರಸ್ ಜೊತೆಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ, ಮೆಗ್ನೀಸಿಯಂ ಕ್ಲೋರೈಡ್, ಪಾಲಿಸಾರ್ಬೇಟ್ 80, ಎಥನಾಲ್, ಸಕ್ಕರೆ, ಉಪ್ಪು, ಇಡಿಟಿಎ ಮತ್ತು ನೀರು. ಕೋವ್ಯಾಕ್ಸಿನ್‌ನಲ್ಲಿ 6 ಮೈಕ್ರೋಗ್ರಾಂ ನಿಷ್ಕ್ರಿಯ ವೈರಸ್, 250 ಮೈಕ್ರೋಗ್ರಾಂ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಜೆಲ್, ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚಿಸುವ ಒಂದು ಅಂಶ, ಕೆಡದಂತೆ ಇಡಲು 2-ಫೀನಾಕ್ಸಿಎಥನಾಲ್ ಮತ್ತು ಲವಣದ ದ್ರಾವಣ. ಎರಡರಲ್ಲೂ ಒಂದು ಡೋಸ್ ಅಂದರೆ ಅರ್ಧ ಮಿಲಿಲೀಟರ್. ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಗ್ರಾಫೀನ್ ಯಾವುದೂ ಈ ಪಟ್ಟಿಯಲ್ಲಿಲ್ಲ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಕೂಡ 2021ರ ಜೂನ್‌ನಲ್ಲಿ ಲಸಿಕೆಯಿಂದ ಮೈ ಅಯಸ್ಕಾಂತವಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು.

‘ಪಟ್ಟಿಯಲ್ಲಿ ಬರೆಯದೇ ಸೇರಿಸಿದ್ದರೆ?’ ಎಂದು ಕೇಳುವವರಿಗೂ ಉತ್ತರವಿದೆ. ಒಂದು ರೂಪಾಯಿಯ ಸ್ಟೀಲ್ ನಾಣ್ಯದ ತೂಕ ನಾಲ್ಕು ಗ್ರಾಂ ಸಮೀಪ. ಇಡೀ ಡೋಸಿನ ತೂಕವೇ ಸುಮಾರು ಅರ್ಧ ಗ್ರಾಂ, ಅದರಲ್ಲಿ ಬಹುಪಾಲು ನೀರು. ಚುಚ್ಚಿದ ಮದ್ದು ಚರ್ಮದ ಮೇಲ್ಭಾಗದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಒಳಗಿನ ಸ್ನಾಯುವಿಗೆ ಹೋಗಿ ಹರಡಿಕೊಳ್ಳುತ್ತದೆ. ಅಯಸ್ಕಾಂತದ ಸೆಳೆತವಾದರೋ ದೂರ ಹೆಚ್ಚಿದಂತೆ ಬಹಳ ಬೇಗ ಕುಗ್ಗುತ್ತದೆ. ಫ್ರಿಜ್ಜಿನ ಮ್ಯಾಗ್ನೆಟ್ ನಾಲ್ಕೈದು ಕಾಗದಗಳನ್ನು ಹಿಡಿಯುತ್ತದೆ, ದಪ್ಪ ಪುಸ್ತಕ ಅಡ್ಡ ಇಟ್ಟರೆ ಜಾರಿ ಬೀಳುತ್ತದೆ. ಕಬ್ಬಿಣಕ್ಕೇ ಹೀಗಾದರೆ, ಅದಕ್ಕಿಂತ ಎಷ್ಟೋ ದುರ್ಬಲವಾದ ಗ್ರಾಫೀನ್ ಆಕ್ಸೈಡ್‌ಗೆ ಸ್ನಾಯುವಿನ ಒಳಗಿಂದ ನಾಣ್ಯ ಹಿಡಿಯುವುದು ಅಸಾಧ್ಯ.

ವಿಡಿಯೊಗಳಲ್ಲಿ ಸ್ಟೀಲ್ ಚಮಚ, ತಟ್ಟೆಗಳೂ ಅಂಟುತ್ತವೆ. ನಮ್ಮ ಮನೆಯ ಅನೇಕ ಸ್ಟೀಲ್ ಪಾತ್ರೆಗಳಿಗೆ ನಿಜವಾದ ಮ್ಯಾಗ್ನೆಟ್ಟೇ ಅಂಟುವುದಿಲ್ಲ. ಅಂಥ ಪಾತ್ರೆ ಮೈಗೆ ಅಂಟಿದರೆ ಅದಕ್ಕೆ ಕಾರಣ ಕಾಂತೀಯತೆ ಅಲ್ಲವೇ ಅಲ್ಲ. ಕಾರಣ ಬೆವರು ಮತ್ತು ಚರ್ಮದ ಎಣ್ಣೆಯಂಶ. ನುಣುಪಾದ, ಹಗುರವಾದ ವಸ್ತುವನ್ನು ಜಿಡ್ಡು ಚರ್ಮಕ್ಕೆ ಒತ್ತಿ ಹಿಡಿದರೆ ನಡುವಿನ ಗಾಳಿ ಹೊರಹೋಗಿ ಅದು ಅಂಟಿಕೊಳ್ಳುತ್ತದೆ. ಮುಂಬೈ, ಚೆನ್ನೈಯ ಸೆಕೆಯಲ್ಲಿ ಇದು ಇನ್ನೂ ಸುಲಭ.

ಪರೀಕ್ಷೆ ಮಾಡಬೇಕೆಂದರೆ ತೋಳನ್ನು ಸೋಪು ಹಾಕಿ ತೊಳೆದು, ಒರೆಸಿ, ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ ಮತ್ತೆ ನಾಣ್ಯ ಇಟ್ಟು ನೋಡಿ. ಬಿದ್ದುಹೋಗುತ್ತದೆ. ಪೌಡರ್ ಕಾಂತೀಯತೆಯನ್ನು ತಡೆಯುವುದಿಲ್ಲ, ಜಿಡ್ಡನ್ನು ಮಾತ್ರ ತೆಗೆಯುತ್ತದೆ. ಮನೆಯ ಹಿರಿಯರ ಜೊತೆ ವಾದ ಮಾಡುವ ಬದಲು ಅವರ ಮುಂದೆಯೇ ಇದನ್ನು ಮಾಡಿ ತೋರಿಸುವುದು ಒಳ್ಳೆಯದು.

ರಕ್ತದಲ್ಲಿ ಕಬ್ಬಿಣ ಇದೆಯಲ್ಲ?

ಇದೆ. ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ, ಅದರಲ್ಲಿ ಹೆಚ್ಚಿನದು ಹಿಮೋಗ್ಲೋಬಿನ್‌ನಲ್ಲಿ. ಆದರೆ ಅದು ಕಾವಲಿಯ ಕಬ್ಬಿಣದಂತೆ ಒಟ್ಟಿಗೆ ಇಲ್ಲ. ಒಂದೊಂದು ಪರಮಾಣುವೂ ದೊಡ್ಡ ಪ್ರೋಟೀನ್ ಅಣುವಿನೊಳಗೆ ದೂರ ದೂರ ಕೂತಿದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಡಯಾಕಾಂತೀಯ, ಆಮ್ಲಜನಕ ಬಿಟ್ಟುಕೊಟ್ಟದ್ದು ಪ್ಯಾರಾಕಾಂತೀಯ ಎಂದು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದರು. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ನೋಡುವ ಫಂಕ್ಷನಲ್ ಎಂಆರ್‌ಐ ಈ ಸಣ್ಣ ವ್ಯತ್ಯಾಸವನ್ನೇ ಬಳಸಿಕೊಳ್ಳುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರೂ ಹೆದರಬೇಕಿಲ್ಲ. ಆ ಮಾತ್ರೆಗಳಿಂದ ಮೈ ಅಯಸ್ಕಾಂತವಾಗುವುದಿಲ್ಲ.

ಈ ಗುಣ ವೈದ್ಯಕೀಯಕ್ಕೆ ಎಲ್ಲಿ ಉಪಯೋಗ?

ಎಂಆರ್‌ಐನಲ್ಲಿ ಕೆಲವೊಮ್ಮೆ ಚಿತ್ರ ಸ್ಪಷ್ಟವಾಗಲು ‘ಕಾಂಟ್ರಾಸ್ಟ್’ ಚುಚ್ಚುಮದ್ದು ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಗ್ಯಾಡೋಲಿನಿಯಂ, ಏಳು ಒಂಟಿ ಎಲೆಕ್ಟ್ರಾನುಗಳಿರುವ ಅಯಾನು. ಸುತ್ತಲಿನ ನೀರಿನ ಅಣುಗಳ ಮೇಲೆ ಪ್ರಭಾವ ಬೀರಿ ಅದು ಚಿತ್ರವನ್ನು ಬೆಳಗಿಸುತ್ತದೆ. ಆದರೆ ಬಿಡಿ ಗ್ಯಾಡೋಲಿನಿಯಂ ವಿಷಕಾರಿ, ಅದಕ್ಕೆ ಅದನ್ನು ಬೇರೊಂದು ಅಣುವಿನಲ್ಲಿ ಬಿಗಿಯಾಗಿ ಹಿಡಿದಿಟ್ಟು ಕೊಡುತ್ತಾರೆ.

ಇಂಗಾಲದ ನ್ಯಾನೋ ವಸ್ತುಗಳು ಇಲ್ಲಿ ಪಂಜರದ ಕೆಲಸ ಮಾಡಬಹುದು. ಗ್ಯಾಡೋಲಿನಿಯಂ ಅನ್ನು ಫುಲ್ಲರೀನ್ ಚೆಂಡಿನೊಳಗೆ ಮುಚ್ಚಿಡುವ ಪ್ರಯತ್ನ ನಡೆದಿದೆ. 2005ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನೇತೃತ್ವದ ತಂಡ ಅದನ್ನು ಚಿಕ್ಕ ನ್ಯಾನೋಟ್ಯೂಬ್‌ಗಳೊಳಗೆ ತುಂಬಿದಾಗ, ಬಳಕೆಯಲ್ಲಿರುವ ಮದ್ದುಗಳಿಗಿಂತ 40 ಪಟ್ಟಿಗೂ ಹೆಚ್ಚು ಪರಿಣಾಮ ಪ್ರಯೋಗಾಲಯದಲ್ಲಿ ಕಂಡಿತು. 2012ರಲ್ಲಿ ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದವರು, ಗ್ರಾಫೈಟ್ ಉತ್ಕರ್ಷಿಸುವಾಗ ಪದರಗಳ ನಡುವೆ ಉಳಿದ ಆ ಮ್ಯಾಂಗನೀಸ್ ಅಂಶವೇ ಎಂಆರ್‌ಐ ಕಾಂಟ್ರಾಸ್ಟ್ ಆಗಿ ಚೆನ್ನಾಗಿ ಕೆಲಸ ಮಾಡಬಲ್ಲದು ಎಂದು ತೋರಿಸಿದರು. ಇವೆಲ್ಲ ಸಂಶೋಧನೆಯ ಹಂತದ ಕೆಲಸಗಳು. ನಿಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೊಡುವ ಮದ್ದು ಇದಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಎಲ್ಲಿ?

ಇಲ್ಲದ ಅಪಾಯಕ್ಕೆ ಹೆದರುವಾಗ ಇರುವ ಅಪಾಯ ಮರೆತುಹೋಗುತ್ತದೆ. ಗಮನಿಸಬೇಕಾದವು ಇವು:

ಉಸಿರಿನ ಮೂಲಕ ಒಳಹೋಗುವ ಕಣಗಳು. ನ್ಯಾನೋ ಇಂಗಾಲದ ಬಗ್ಗೆ ಆರೋಗ್ಯದ ಮುಖ್ಯ ಪ್ರಶ್ನೆ ಅದು ಅಯಸ್ಕಾಂತವೇ ಎಂಬುದಲ್ಲ, ಶ್ವಾಸಕೋಶಕ್ಕೆ ಹೋದರೆ ಏನಾಗುತ್ತದೆ ಎಂಬುದು. ಉದ್ದನೆಯ ನ್ಯಾನೋಟ್ಯೂಬ್‌ಗಳು ಇಲಿಗಳಲ್ಲಿ ಕಲ್ನಾರಿನಂಥ ಪರಿಣಾಮ ತೋರಿದವು ಎಂಬ ಅಧ್ಯಯನ 2008ರಲ್ಲಿ ಬಂತು. ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಬಗೆಯ ನ್ಯಾನೋಟ್ಯೂಬನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿಗೆ ಸೇರಿಸಿದೆ. ಇದು ಮುಖ್ಯವಾಗಿ ಇಂಥ ಪುಡಿಯನ್ನು ತಯಾರಿಸುವ, ಬಳಸುವ ಜಾಗದಲ್ಲಿ ದುಡಿಯುವವರಿಗೆ ಸಂಬಂಧಿಸಿದ್ದು. ಲೋಹದ ಕಲ್ಮಶ ಉಳಿದಿದ್ದರೆ ಅದೂ ಜೀವಕೋಶಗಳಿಗೆ ತೊಂದರೆ ಕೊಡಬಹುದು. ಇನ್ನೊಂದು ಕಡೆ, 2024ರಲ್ಲಿ ಪ್ರಕಟವಾದ ಎಡಿನ್‌ಬರೋ ಅಧ್ಯಯನದಲ್ಲಿ 14 ಆರೋಗ್ಯವಂತ ಸ್ವಯಂಸೇವಕರು ಶುದ್ಧ, ತೆಳು ಗ್ರಾಫೀನ್ ಆಕ್ಸೈಡನ್ನು ನಿಯಂತ್ರಿತ ಪ್ರಮಾಣದಲ್ಲಿ ಎರಡು ಗಂಟೆ ಉಸಿರಾಡಿದಾಗ ಶ್ವಾಸಕೋಶದ ಕಾರ್ಯ, ರಕ್ತದೊತ್ತಡದ ಮೇಲೆ ತಕ್ಷಣದ ಕೆಟ್ಟ ಪರಿಣಾಮ ಕಾಣಲಿಲ್ಲ. ದೀರ್ಘಕಾಲದ ಪ್ರಶ್ನೆಗೆ ಇದೊಂದೇ ಉತ್ತರವಾಗದು.

‘ಗ್ರಾಫೀನ್’ ಎಂದು ಬರೆದ ಮಾಸ್ಕ್. 2021ರ ಏಪ್ರಿಲ್‌ನಲ್ಲಿ ಕೆನಡಾದ ಆರೋಗ್ಯ ಇಲಾಖೆ ಗ್ರಾಫೀನ್ ಇರುವ ಮಾಸ್ಕ್‌ಗಳನ್ನು ಬಳಸಬೇಡಿ ಎಂದು ಸೂಚಿಸಿತು. ಕಾರಣ ಕಣಗಳು ಉಸಿರಿಗೆ ಸೇರುವ ಸಾಧ್ಯತೆ. ಪರಿಶೀಲನೆಯ ನಂತರ ಜುಲೈಯಲ್ಲಿ ಕೆಲವು ಮಾದರಿಗಳಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಮಾಸ್ಕ್ ಬೇಕಾದರೆ ಗೊತ್ತಿರುವ ಗುಣಮಟ್ಟದ ಎನ್95 ಅಥವಾ ಸರ್ಜಿಕಲ್ ಮಾಸ್ಕ್ ಸಾಕು.

ಎಂಆರ್‌ಐ ಕೋಣೆ. ಲಸಿಕೆ ಹಾಕಿಸಿಕೊಂಡವರು ಎಂಆರ್‌ಐ ಮಾಡಿಸಲು ಹೆದರಬೇಕಿಲ್ಲ. ಆದರೆ ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಇಂಪ್ಲಾಂಟ್, ಕಣ್ಣಿಗೆ ಹಿಂದೆಂದೋ ಸಿಡಿದ ಲೋಹದ ಚೂರು ಇದ್ದರೆ ಮೊದಲೇ ಹೇಳಿ. ಮೂಗಿನ ಬಳಿ ತಂತಿ ಇರುವ ಮಾಸ್ಕ್ ತೆಗೆಯಿರಿ. ಅಂಥ ಮಾಸ್ಕ್‌ನಿಂದ ಸ್ಕ್ಯಾನ್ ವೇಳೆ ರೋಗಿಯ ಮುಖ ಸುಟ್ಟ ಬಗ್ಗೆ ಅಮೆರಿಕದ ಎಫ್‌ಡಿಎ 2020ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು. ಅಯಸ್ಕಾಂತಕ್ಕೆ ಅಂಟದ ವಸ್ತುವೂ ವಿದ್ಯುತ್ ಹರಿಸುವಂಥದ್ದಾದರೆ ಯಂತ್ರದೊಳಗೆ ಬಿಸಿಯಾಗಬಹುದು. ತಾಳಿ, ಕಾಲುಂಗುರ, ಜರಿಯ ಬಟ್ಟೆ ಯಾವುದನ್ನೂ ‘ಇದೇನು ಕಬ್ಬಿಣವೇ’ ಎಂದು ಇಟ್ಟುಕೊಳ್ಳಬೇಡಿ. ಕಿಡ್ನಿ ತೊಂದರೆ ಇದ್ದರೆ ಕಾಂಟ್ರಾಸ್ಟ್ ಕೊಡುವ ಮುನ್ನ ತಿಳಿಸಿ.

ನಿಯೋಡಿಮಿಯಂ ಗುಂಡುಗಳು. ಆಟಿಕೆಯಾಗಿ ಸಿಗುವ ಪುಟ್ಟ, ಬಲವಾದ ಮ್ಯಾಗ್ನೆಟ್‌ಗಳನ್ನು ಮಕ್ಕಳು ಎರಡೋ ಮೂರೋ ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುರುಳಿಗಳಿಂದ ಒಂದಕ್ಕೊಂದು ಅಂಟಿಕೊಂಡು ನಡುವಿನ ಗೋಡೆಯನ್ನು ತೂತು ಮಾಡುತ್ತವೆ. ಇದು ತುರ್ತು ಚಿಕಿತ್ಸೆಯ ವಿಷಯ. ಬಾಳೆಹಣ್ಣು ತಿನ್ನಿಸಿ ಕಾಯುವುದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ. ಪೇಸ್‌ಮೇಕರ್ ಇರುವವರು ಬಲವಾದ ಮ್ಯಾಗ್ನೆಟ್ ಇರುವ ಫೋನ್, ವಾಚುಗಳನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಅಂಗಿಯ ಎಡ ಜೇಬು ಫೋನಿಗೆ ಸರಿಯಾದ ಜಾಗವಲ್ಲ.

ಮ್ಯಾಗ್ನೆಟಿಕ್ ಬಳೆ, ಬೆಲ್ಟ್. ನೋವು ಕಡಿಮೆ ಮಾಡುತ್ತವೆ ಎಂಬ ಮಾತಿಗೆ ಆಧಾರವಿಲ್ಲ ಎಂದು 2007ರಲ್ಲಿ ಪ್ರಕಟವಾದ, ಹಲವು ಪ್ರಯೋಗಗಳ ಒಟ್ಟು ವಿಮರ್ಶೆ ಹೇಳಿದೆ. ‘ಗ್ರಾಫೀನ್’ ಎಂಬ ಪದ ಸೇರಿಸಿದ ಮಾತ್ರಕ್ಕೆ ಆಧಾರ ಹುಟ್ಟುವುದಿಲ್ಲ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ

ಮೂರು ಪ್ರಶ್ನೆ ಕೇಳಿ. ‘ಮ್ಯಾಗ್ನೆಟಿಕ್’ ಎಂದರೆ ಅಂಟುವಷ್ಟೋ, ಉಪಕರಣಕ್ಕೆ ಮಾತ್ರ ಕಾಣುವಷ್ಟೋ? ಅಳೆದ ಗುಣ ಇಂಗಾಲದ್ದೋ, ಅದರಲ್ಲಿ ಉಳಿದ ಲೋಹದ್ದೋ? ಪ್ರಯೋಗ ನಡೆದದ್ದು ಮೈನಸ್ 271 ಡಿಗ್ರಿಯ ಪಾತ್ರೆಯಲ್ಲೋ, 37 ಡಿಗ್ರಿಯ ನಮ್ಮ ಮೈಯಲ್ಲೋ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.

ಮತ್ತು ಆ ವಿಡಿಯೊ ನೋಡಿ ಬಾಕಿ ಉಳಿಸಿದ ಲಸಿಕೆ ಮನೆಯಲ್ಲಿ ಯಾರದಾದರೂ ಇದ್ದರೆ, ಮಗುವಿನದಾಗಲಿ ಹಿರಿಯರದಾಗಲಿ, ಲಸಿಕೆ ಕಾರ್ಡ್ ಹಿಡಿದು ಹತ್ತಿರದ ವೈದ್ಯರನ್ನು ಕಾಣಿ. ತಪ್ಪಿದ ಡೋಸನ್ನು ಯಾವಾಗ, ಹೇಗೆ ಕೊಡಬೇಕೆಂದು ಅವರು ಹೇಳುತ್ತಾರೆ.